ದೊರೆ ಬದಲಾದ ದಿನ ಊರಿನ ಲೆಕ್ಕ

(ಹೊಳೆಬಾಗಿಲಿನಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಸರ್ಕಾರ ಬದಲಾಗುವ ಹೊತ್ತಿನಲ್ಲಿ ಆಡಳಿತವನ್ನು ಕೆಡದಂತೆ ನಡೆಸುವುದು ಹೇಗೆ ಎಂಬುದು ಇಂದಿನ ಮಾತಿನ ವಿಷಯ. ಇಂಥ ವಿಷಯ ಎತ್ತಿದೊಡನೆ ವಿಧಾನಸೌಧದ ಮೆಟ್ಟಿಲು, ರಾಜಭವನ, ಪ್ರಮಾಣವಚನ ಕಣ್ಣಮುಂದೆ ಬರುತ್ತವೆ. ವರದಿಗಾರರಾದ ನಾವೂ ಆ ದಿನ ಅಲ್ಲಿಯೇ ನೆರೆದಿರುತ್ತೇವೆ. ಯಾರು ಮಂತ್ರಿ, ಯಾರಿಗೆ ಯಾವ ಖಾತೆ ಎಂಬುದೇ ಮರುದಿನದ ಮುಖಪುಟ. ಅದೇ ದಿನ ತಾಲ್ಲೂಕು ಕಚೇರಿಯಲ್ಲಿ ಯಾವ ಕಡತ ಕಟ್ಟಿ ಮೇಲಿಟ್ಟರು, ಪಿಂಚಣಿಗೆ ಅರ್ಜಿ ಹಾಕಿದ ಅಜ್ಜಿಗೆ ಏನು ಉತ್ತರ ಸಿಕ್ಕಿತು ಎಂಬುದು ಸುದ್ದಿಯಾಗುವುದಿಲ್ಲ. ನಾನು ಇವತ್ತು ಹೇಳಬೇಕೆಂದಿರುವುದು ಸುದ್ದಿಯಾಗದ ಈ ಸಂಗತಿಯನ್ನು.

ಇದಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ, ಈ ಮೂರು ತಾಲ್ಲೂಕುಗಳ ನೆಲವೇ ಸಾಕು. ಕೆಳದಿ, ಇಕ್ಕೇರಿ ಇರುವುದು ಸಾಗರದಲ್ಲಿ. ಬಿದನೂರು, ಅಂದರೆ ಇಂದಿನ ನಗರ, ಹೊಸನಗರದಲ್ಲಿ. ಕವಲೇದುರ್ಗದ ಕೋಟೆ ತೀರ್ಥಹಳ್ಳಿಯಲ್ಲಿ. 1763ರಿಂದ 1831ರವರೆಗಿನ 68 ವರ್ಷಗಳಲ್ಲಿ ಈ ಸೀಮೆ ಐದು ಸಲ ಕೈ ಬದಲಾಯಿಸಿತು. ಕೆಳದಿಯವರಿಂದ ಹೈದರಾಲಿಗೆ, ಅವನ ಮಗನ ಕಾಲದ ಆರಂಭದಲ್ಲಿ ಇಂಗ್ಲಿಷರಿಗೆ, ಮೂರೇ ತಿಂಗಳಲ್ಲಿ ಮರಳಿ ಟಿಪ್ಪುವಿಗೆ, ಅನಂತರ ಮೈಸೂರು ಒಡೆಯರಿಗೆ, ಕೊನೆಗೆ ಬ್ರಿಟಿಷ್ ಕಮಿಷನರಿಗೆ. ಈ ಐದರಲ್ಲಿ ಕೆಲವು ಬದಲಾವಣೆಗಳನ್ನು ಹಳ್ಳಿ ಹೇಗೋ ತಾಳಿಕೊಂಡಿತು, ಕೆಲವು ಹಳ್ಳಿಯನ್ನು ಸುಟ್ಟವು. ಈ ವ್ಯತ್ಯಾಸಕ್ಕೆ ಕಾರಣ ಏನು ಎಂಬುದೇ ನಮ್ಮ ಪ್ರಶ್ನೆ.

ಹೊಳೆ ದಾಟುವ ಜಾಗಕ್ಕೆ ಹೊಳೆಬಾಗಿಲು ಎಂದು ಹೆಸರಿಟ್ಟವರು ನಮ್ಮ ಹಿರಿಯರು. ಈಚೆ ದಡ ಬಿಟ್ಟ ಮೇಲೆ ಆಚೆ ದಡ ಸಿಗುವ ತನಕ ದೋಣಿಯಲ್ಲಿ ಕುಳಿತವರ ಹೊಣೆ ಅಂಬಿಗನದು. ಒಂದು ಆಡಳಿತ ಹೋಗಿ ಇನ್ನೊಂದು ಬರುವ ನಡುನೀರಿನಲ್ಲಿ ಈ ಹೊಣೆ ಯಾರದು?

ಶಿಸ್ತು ಎಂಬ ಪುಸ್ತಕ

ಮೊದಲು ಶಿಸ್ತಿನಿಂದ ಆರಂಭಿಸೋಣ. ಮಕ್ಕಳಿಗೆ ಶಿಸ್ತು ಬೇಕು ಎನ್ನುವಾಗ ನಾವು ಬಳಸುವ ಪದವೇ ಇದು. ಕೆಳದಿಯ ಶಿವಪ್ಪನಾಯಕನ ಕಾಲದಲ್ಲಿ, ಅಂದರೆ 1645ರಿಂದ 1660ರವರೆಗೆ, ಇದರ ಅರ್ಥ ಭೂಮಿಯ ಕಂದಾಯದ ನಿಗದಿ. ಜನ ಅವನನ್ನು ‘ಶಿಸ್ತಿನ ಶಿವಪ್ಪನಾಯಕ’ ಎಂದು ಕರೆದದ್ದು ಈ ಕಾರಣಕ್ಕೆ.

ಹಳೆಯ ಮೈಸೂರು ಗೆಜೆಟಿಯರ್ ಹೇಳುವಂತೆ, ಆತ ಕಂದಾಯವನ್ನು ಕುಳಿತಲ್ಲೇ ನಿರ್ಧರಿಸಲಿಲ್ಲ. ಪ್ರತಿ ಊರಿನಲ್ಲಿ ಒಂದೊಂದು ಬಗೆಯ ನೆಲದಲ್ಲಿ ಒಂದೊಂದು ಗದ್ದೆಯನ್ನು ಸರ್ಕಾರದ ಖರ್ಚಿನಲ್ಲೇ ಸಾಗುವಳಿ ಮಾಡಿಸಿದ. ಬಿತ್ತಿದ ಬೀಜ ಎಷ್ಟು, ಕೂಲಿ ಎಷ್ಟು, ಬಂದ ಫಸಲು ಎಷ್ಟು, ಅದರ ಬೆಲೆ ಎಷ್ಟು ಎಂದು ಸತತವಾಗಿ 12 ವರ್ಷ ಲೆಕ್ಕ ಬರೆಸಿದ. ಭೂಮಿಯನ್ನು ಉತ್ತಮದಿಂದ ಹಿಡಿದು ತೀರ ಕಳಪೆಯವರೆಗೆ ಐದು ದರ್ಜೆಗಳಾಗಿ ವಿಂಗಡಿಸಿದ. 12 ವರ್ಷಗಳ ಸರಾಸರಿ ತೆಗೆದು ಉತ್ಪತ್ತಿಯ ಮೂರನೆಯ ಒಂದು ಭಾಗವನ್ನು ಸರ್ಕಾರದ ಪಾಲು ಎಂದು ಗೊತ್ತುಮಾಡಿದ. ಮಳೆ ಹೆಚ್ಚಾದ ವರ್ಷ, ಕಡಿಮೆಯಾದ ವರ್ಷ, ಬೆಲೆ ಏರಿದ ವರ್ಷ, ಬಿದ್ದ ವರ್ಷ ಎಲ್ಲವೂ ಆ ಸರಾಸರಿಯೊಳಗೆ ಸೇರಿದ್ದವು.

ಈ ಶಿಸ್ತು 1660ರಲ್ಲಿ ಪೂರ್ಣಗೊಂಡಿತೆನ್ನುತ್ತಾರೆ. ಶಿವಪ್ಪನಾಯಕ ತೀರಿಕೊಂಡದ್ದೂ ಅದೇ ವರ್ಷ. ಮುಂದಿನ ಹನ್ನೊಂದು ಹನ್ನೆರಡು ವರ್ಷಗಳಲ್ಲಿ ಗದ್ದುಗೆಗೆ ಒಬ್ಬರ ಹಿಂದೆ ಒಬ್ಬರು ಬಂದರು: ತಮ್ಮ ವೆಂಕಟಪ್ಪನಾಯಕ, ಮಗ ಭದ್ರಪ್ಪನಾಯಕ, ಇನ್ನೊಬ್ಬ ಮಗ ಸೋಮಶೇಖರನಾಯಕ, ಸೋಮಶೇಖರ ಕೊಲೆಯಾದ ಮೇಲೆ ಅವನ ಮಡದಿ ಚೆನ್ನಮ್ಮಾಜಿ. ಅರಮನೆಯಲ್ಲಿ ಇಷ್ಟೆಲ್ಲ ನಡೆದರೂ ರಾಜ್ಯ ಒಡೆಯಲಿಲ್ಲ. ಚೆನ್ನಮ್ಮಾಜಿ ಸುಮಾರು ಕಾಲು ಶತಮಾನ ಆಳಿದಳು. ಅದಕ್ಕೆ ಆಕೆಯ ಧೈರ್ಯ ಒಂದು ಕಾರಣ ಎಂಬುದರಲ್ಲಿ ಸಂಶಯವಿಲ್ಲ. ಇನ್ನೊಂದು ಕಾರಣವನ್ನು ನಾವು ಅಷ್ಟಾಗಿ ಹೇಳುವುದಿಲ್ಲ. ಬಿದನೂರಿನಲ್ಲಿ ಯಾರೇ ಕುಳಿತರೂ ತಾನು ಕೊಡಬೇಕಾದದ್ದು ಇಷ್ಟು ಎಂದು ರೈತನಿಗೆ ಗೊತ್ತಿತ್ತು. ಶಾನುಭೋಗನ ಕಡತದಲ್ಲಿ ಅದು ಬರೆದಿತ್ತು. ಹೊಸಬನ ಮರ್ಜಿಗೆ ಕಾಯುವ ಪ್ರಮೇಯ ಬರಲಿಲ್ಲ.

ಹೈದರ ಮುಟ್ಟದೆ ಬಿಟ್ಟದ್ದು

1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ. ರಾಣಿ ವೀರಮ್ಮಾಜಿ ಕೋಟೆ ಬಿಟ್ಟು ಹೋದಳು, ಕೊನೆಗೆ ಸೆರೆಯಾದಳು. ಊರು ಲೂಟಿಯಾಯಿತು. ತನ್ನ ಮುಂದಿನ ಏಳ್ಗೆಗೆಲ್ಲ ಬಿದನೂರೇ ಬುನಾದಿ ಎಂದು ಹೈದರ ಹೇಳಿಕೊಳ್ಳುತ್ತಿದ್ದನೆಂದು ಇತಿಹಾಸಕಾರ ಮಾರ್ಕ್ ವಿಲ್ಕ್ಸ್ ಬರೆದಿದ್ದಾನೆ. ಊರಿನ ಹೆಸರು ಹೈದರನಗರ ಎಂದಾಯಿತು. ಇಂದಿನ ‘ನಗರ’ ಆ ಹೆಸರಿನ ಉಳಿದ ತುಂಡು.

ಇದು ಸಜ್ಜನಿಕೆಯ ಕಥೆಯಲ್ಲ. ಆದರೆ ಗೆದ್ದವನು ಏನನ್ನು ಬದಲಿಸಿದ, ಏನನ್ನು ಬಿಟ್ಟ ಎಂದು ನೋಡಿದರೆ ಒಂದು ಜಾಣತನ ಕಾಣುತ್ತದೆ. ಇಕ್ಕೇರಿಯ ವರಹದ ಒಂದು ಮುಖದ ಮೇಲೆ ಶಿವ ಪಾರ್ವತಿಯರ ಚಿತ್ರವಿತ್ತು, ಇನ್ನೊಂದು ಮುಖದ ಮೇಲೆ ನಾಗರಿ ಲಿಪಿಯಲ್ಲಿ ‘ಶ್ರೀ ಸದಾಶಿವ’ ಎಂದಿತ್ತು. ಹೈದರ ತನ್ನ ಹೆಸರಿನ ವರಹ ಟಂಕಿಸಿದಾಗ ಶಿವ ಪಾರ್ವತಿಯರನ್ನು ಹಾಗೆಯೇ ಉಳಿಸಿಕೊಂಡ. ಹಿಂಬದಿಯಲ್ಲಿ ಮಾತ್ರ ತನ್ನ ಹೆಸರಿನ ಮೊದಲ ಅಕ್ಷರವನ್ನು ಪಾರಸಿಯಲ್ಲಿ ಹಾಕಿಸಿದ. ಬಹಾದುರಿ ವರಹ ಎಂದು ಹೆಸರಾದ ನಾಣ್ಯ ಅದೇ.

ಇದರ ಮರ್ಮ ಧರ್ಮಸಹಿಷ್ಣುತೆಯೊಂದೇ ಎಂದು ಹೇಳಿ ಮುಗಿಸಬಾರದು. ಅಡಿಕೆ, ಮೆಣಸು, ಅಕ್ಕಿಯ ವ್ಯಾಪಾರ ಘಟ್ಟದ ಕೆಳಗಿನ ಬಂದರುಗಳವರೆಗೂ ನಡೆಯುತ್ತಿದ್ದ ಸೀಮೆ ಇದು. ವ್ಯಾಪಾರಿ ನಾಣ್ಯವನ್ನು ಕೈಗೆ ತೆಗೆದುಕೊಂಡು ಚಿತ್ರ ನೋಡುತ್ತಾನೆ, ತೂಕ ನೋಡುತ್ತಾನೆ. ಪರಿಚಿತ ಚಿತ್ರ ಕಂಡರೆ ಸರಕು ಬಿಡುತ್ತಾನೆ. ಹೊಸ ದೊರೆಯ ಡಂಗುರ ಕೇಳದ ಹಳ್ಳಿಗೂ ಆ ನಾಣ್ಯ ಒಂದು ಸಂದೇಶ ಮುಟ್ಟಿಸುತ್ತಿತ್ತು: ಪೇಟೆ ಎಂದಿನಂತೆ ನಡೆಯಲಿ.

ಕಂದಾಯದಲ್ಲೂ ಶಿಸ್ತೇ ತಳಹದಿಯಾಗಿ ಉಳಿಯಿತು. ಹೈದರ, ಟಿಪ್ಪು ಇಬ್ಬರ ಕಾಲದಲ್ಲೂ ಅದರ ಮೇಲೆ ಹೆಚ್ಚುವರಿ ಪಟ್ಟಿಗಳು ಬಿದ್ದವು. ಘಟ್ಟದ ಕೆಳಗೆ ಅದಕ್ಕೆ ‘ಶಾಮಿಲು’ ಎಂದು ಕರೆಯುತ್ತಿದ್ದರು. ಭಾರ ಹೆಚ್ಚಿತು ನಿಜ. ಆದರೂ ಎಷ್ಟು ಹೆಚ್ಚಿತು ಎಂದು ಅಳೆಯುವುದಕ್ಕಾದರೂ ಹಳೆಯ ಗೆರೆಯೊಂದು ಉಳಿದಿತ್ತು.

ಹಳೆಯ ಅಧಿಕಾರಿಗಳ ವಿಷಯದಲ್ಲಿ ಹೈದರ ಇಷ್ಟು ಸುಲಭವಾಗಿ ಪಾರಾಗಲಿಲ್ಲ. ಸೀಮೆಯ ಲೆಕ್ಕ, ದಾರಿ, ಮನುಷ್ಯರು ಎಲ್ಲ ಗೊತ್ತಿದ್ದ ಬಿದನೂರಿನ ಹಳೆಯ ಮಂತ್ರಿಗಳನ್ನೇ ಅವನು ಕೆಲಸಕ್ಕೆ ಇಟ್ಟುಕೊಂಡ. ಅದೇ ವರ್ಷ ಅವರಲ್ಲಿ ಕೆಲವರು ಅವನ ಕೊಲೆಗೆ ಸಂಚು ಹೂಡಿದರೆಂದು, ವಿಷಯ ಹೊರಬಿದ್ದ ದಿನ ಮುನ್ನೂರಕ್ಕೂ ಹೆಚ್ಚು ಮಂದಿಯನ್ನು ಊರಿನ ದಾರಿಗಳಲ್ಲಿ ನೇಣಿಗೆ ಹಾಕಿಸಿದನೆಂದು ವಿಲ್ಕ್ಸ್ ಬರೆಯುತ್ತಾನೆ. ಹಳಬರಿಲ್ಲದೆ ಆಡಳಿತ ನಡೆಯುವುದಿಲ್ಲ, ಹಳಬರನ್ನು ನಂಬಲೂ ಧೈರ್ಯ ಸಾಲುವುದಿಲ್ಲ. ಹೊಸದಾಗಿ ಅಧಿಕಾರಕ್ಕೆ ಬಂದ ಪ್ರತಿಯೊಬ್ಬರನ್ನೂ ಕಾಡುವ ಇಕ್ಕಟ್ಟು ಇದು. ಅಂದು ಅದು ನೇಣಿನಲ್ಲಿ ಮುಗಿಯಿತು. ಇಂದು ಅದು ವರ್ಗಾವಣೆಯ ಪಟ್ಟಿಯಾಗಿ ಬರುತ್ತದೆ.

ಒಂದು ಸಾವು, ಎರಡು ಪರಿಣಾಮ

1782ರ ಡಿಸೆಂಬರ್ 7ರಂದು ಚಿತ್ತೂರಿನ ಹತ್ತಿರದ ಪಾಳೆಯದಲ್ಲಿ ಹೈದರ ತೀರಿಕೊಂಡ. ಎದುರಿಗೆ ಇಂಗ್ಲಿಷರೊಡನೆ ಯುದ್ಧ ನಡೆದಿತ್ತು. ಮಗ ಟಿಪ್ಪು ದೂರದ ಮಲಬಾರಿನಲ್ಲಿದ್ದ. ದೊರೆಯಿಲ್ಲ ಎಂಬ ಸುದ್ದಿ ಹಬ್ಬಿದರೆ ಸೈನ್ಯ ಚದುರುವುದು ಖಂಡಿತ. ಆಗ ಪೂರ್ಣಯ್ಯ ಮತ್ತು ಕೃಷ್ಣರಾಯ ಎಂಬ ಇಬ್ಬರು ಅಧಿಕಾರಿಗಳು ಸಾವನ್ನು ಗುಟ್ಟಾಗಿಟ್ಟರು. ಶವವನ್ನು ಪೆಟ್ಟಿಗೆಯಲ್ಲಿಟ್ಟು ಖಜಾನೆ ಸಾಗಿಸುವಂತೆ ಕೋಲಾರಕ್ಕೆ ಕಳಿಸಿದರು. ದೊರೆ ಕಾಯಿಲೆಯಲ್ಲಿದ್ದಾನೆ ಎಂಬಂತೆ ಡೇರೆಯ ದಿನಚರಿ ನಡೆಯಿತು, ಅಪ್ಪಣೆಗಳು ಹೊರಟವು. ಒಳಗಿನವರೇ ಕೆಲವರು ಬೇರೊಬ್ಬನನ್ನು ಪಟ್ಟಕ್ಕೆ ತರಲು ನಡೆಸಿದ ಯತ್ನವೂ ಮುರಿಯಿತು. ಟಿಪ್ಪು ಬಂದು ಸೇರುವವರೆಗೆ ಸೈನ್ಯ ಒಂದಾಗಿಯೇ ಇತ್ತು.

ಪಾಳೆಯದಲ್ಲಿ ಹೀಗೆ ಚೆನ್ನಾಗಿ ನಡೆದದ್ದು ನಗರದಲ್ಲಿ ನಡೆಯಲಿಲ್ಲ. ಇಲ್ಲಿನ ಕೋಟೆ ಹೈದರನ ನೆಚ್ಚಿನ ಶೇಖ್ ಅಯಾಜನ ಕೈಯಲ್ಲಿತ್ತು. ತಂದೆಯ ವಿಶ್ವಾಸ ಪಡೆದ ತನ್ನನ್ನು ಮಗ ಉಳಿಸುವುದಿಲ್ಲ ಎಂಬ ಭಯ ಅವನಿಗಿತ್ತು. 1783ರ ಜನವರಿಯಲ್ಲಿ ಜನರಲ್ ಮ್ಯಾಥ್ಯೂಸ್ ಕರಾವಳಿಯಿಂದ ಘಟ್ಟ ಹತ್ತಿ ಬಂದಾಗ ಅಯಾಜ ಕೋಟೆಯನ್ನು ಒಪ್ಪಿಸಿಬಿಟ್ಟ. ಏಪ್ರಿಲ್ ಕೊನೆಗೆ ಟಿಪ್ಪು ಮುತ್ತಿಗೆ ಹಾಕಿ ಮರಳಿ ಗೆದ್ದ. ಎರಡು ಸೈನ್ಯಗಳ ಕೈಗೆ ಸಿಕ್ಕಿ ನಲುಗಿದ್ದು ಊರು.

ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಸಾವು ಒಂದೇ, ರಾಜ್ಯ ಒಂದೇ, ತಿಂಗಳೂ ಹೆಚ್ಚುಕಡಿಮೆ ಒಂದೇ. ಮುಂದಿನ ದೊರೆಯ ಕಾಲದಲ್ಲಿ ತಮಗೆ ಸ್ಥಾನವಿದೆ ಎಂದು ನಂಬಿದ ಅಧಿಕಾರಿಗಳು ಪಾಳೆಯವನ್ನು ಕಾದರು. ತನಗೆ ಉಳಿಗಾಲವಿಲ್ಲ ಎಂದು ತಿಳಿದ ಅಧಿಕಾರಿ ಬಾಗಿಲು ತೆಗೆದ. ಕೋಟೆಯ ಗೋಡೆ ಎಷ್ಟು ದಪ್ಪವಿದ್ದರೇನು, ಬೀಗದ ಕೈ ಇದ್ದದ್ದು ಹೆದರಿದ ಮನುಷ್ಯನ ಕೈಯಲ್ಲಿ.

ಮನ್ನಾ ಮಾಡಿದ ಬಾಕಿ, ಮತ್ತೆ ಕೇಳಿದ ಬಾಕಿ

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು, ಟಿಪ್ಪು ಮಡಿದ. ಜೂನ್ 30ರಂದು ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು. ದಿವಾನನಾದವನು ಅದೇ ಪೂರ್ಣಯ್ಯ. ಹೈದರನ ಹತ್ತಿರ ದುಡಿದವನು, ಟಿಪ್ಪುವಿನ ಹತ್ತಿರ ದುಡಿದವನು, ಈಗ ಒಡೆಯರ ದಿವಾನ. ಅವಕಾಶವಾದಿ ಎಂದು ಅವನನ್ನು ಜರೆಯುವವರು ಇದ್ದಾರೆ. ಆ ಚರ್ಚೆ ಇರಲಿ. ರಾಜ್ಯದ ಲೆಕ್ಕ ತಲೆಯಲ್ಲಿದ್ದ ಮನುಷ್ಯ ಅವನೊಬ್ಬನೇ ಎಂಬಷ್ಟು ಮಟ್ಟಿಗೆ ಅವನು ಅಗತ್ಯವಾಗಿದ್ದ. ಗೆದ್ದ ಇಂಗ್ಲಿಷರಿಗೂ ಅದು ಗೊತ್ತಿತ್ತು.

ಆ ನಡುವಿನ ದಿನಗಳು ಎಂಥವು ಎಂಬುದಕ್ಕೆ ನಮ್ಮ ಸೀಮೆಯೇ ಸಾಕ್ಷಿ. ಚನ್ನಗಿರಿಯ ಧೋಂಡಿಯಾ ವಾಘ್ ಶ್ರೀರಂಗಪಟ್ಟಣದ ಸೆರೆಯಿಂದ ಬಿಡಿಸಿಕೊಂಡು ಬಂದು ನಗರ ಸೀಮೆಯಲ್ಲಿ ದಂಡು ಕಟ್ಟಿದ. ಅವನನ್ನು ಆರ್ಥರ್ ವೆಲ್ಲೆಸ್ಲಿಯ ಸೈನ್ಯ ಸೋಲಿಸಿ ಕೊಂದದ್ದು 1800ರ ಸೆಪ್ಟೆಂಬರಿನಲ್ಲಿ. ಅಷ್ಟು ತಿಂಗಳು ಇಲ್ಲಿ ಕಂದಾಯ ಯಾರಿಗೆ ಕೊಡಬೇಕು ಎಂಬುದೇ ಪ್ರಶ್ನೆ.

ಪೂರ್ಣಯ್ಯ ಮೊದಲು ಮಾಡಿದ ಕೆಲಸಗಳಲ್ಲಿ ಎರಡನ್ನು ವಿಲ್ಕ್ಸ್ ಎತ್ತಿ ಹೇಳುತ್ತಾನೆ. ಹಿಂದಿನ ಕಾಲದ ಕಂದಾಯದ ಬಾಕಿಯನ್ನೆಲ್ಲ ಮನ್ನಾ ಮಾಡಿದ. ಪೂರ್ವದ ಅರಸರ ಕಾಲದಲ್ಲಿದ್ದ ಕಂದಾಯದ ದರವೇ ಇನ್ನು ಮುಂದೆ ನಡೆಯುತ್ತದೆ ಎಂದು ಸಾರಿದ. ನಮ್ಮ ಸೀಮೆಯವರಿಗೆ ಇದರ ಅರ್ಥ ತಿಳಿಸಿಹೇಳುವ ಅಗತ್ಯವಿರಲಿಲ್ಲ. ಹಳೆಯ ದರ ಎಂದರೆ ಶಿಸ್ತು. ಶಿವಪ್ಪನಾಯಕ ಸತ್ತು 139 ವರ್ಷವಾಗಿತ್ತು, ಅವನ ಲೆಕ್ಕ ಇನ್ನೂ ಬದುಕಿತ್ತು.

ಅದೇ ಸೀಮೆ ಮೂವತ್ತೊಂದು ವರ್ಷ ಕಳೆಯುವ ಹೊತ್ತಿಗೆ ದಂಗೆ ಎದ್ದಿತು. 1811ರಲ್ಲಿ ಪೂರ್ಣಯ್ಯ ಅಧಿಕಾರ ಬಿಟ್ಟ. ಬಿಡುವುದು ಅವನಿಗೂ ಸುಲಭವಾಗಲಿಲ್ಲ. ಮುಂದೆ ‘ಶರ್ತಿ’ ಎಂಬ ಪದ್ಧತಿ ಬೆಳೆಯಿತು. ಅಮಲ್ದಾರ ಇಷ್ಟು ಹಣ ವಸೂಲು ಮಾಡಿಕೊಡುತ್ತೇನೆ ಎಂದು ಒಪ್ಪಿಕೊಳ್ಳಬೇಕು, ಕಡಿಮೆ ಬಿದ್ದರೆ ತಾನೇ ತುಂಬಬೇಕು. ತುಂಬುವ ಭಯವಿರುವವನು ರೈತನ ಕಷ್ಟ ನೋಡುತ್ತಾನೆಯೇ? ಇದರ ಮೇಲೆ ನಗರ ಫೌಜುದಾರಿಯಲ್ಲಿ ಅಧಿಕಾರಿ ಬದಲಾದ. ಹಿಂದಿನವರು ಮಾಫಿ ಮಾಡಿದ್ದ ಬಾಕಿಯಲ್ಲಿ ಮೋಸವಿದೆ ಎಂದು ಹೇಳಿ ಹೊಸ ಫೌಜುದಾರ ಅದನ್ನು ಮತ್ತೆ ವಸೂಲಿಗೆ ಹಚ್ಚಿದ.

ಮೋಸ ಇದ್ದಿರಲೂಬಹುದು. ಅಧಿಕಾರಿ ತನ್ನವರ ಬಾಕಿಯನ್ನು ಮಾಫಿಯ ಪಟ್ಟಿಗೆ ಸೇರಿಸುವುದು ಇಂದು ನಿನ್ನೆಯ ವಿದ್ಯೆಯಲ್ಲ. ಆದರೆ ಮೋಸ ಮಾಡಿದವನನ್ನು ಹುಡುಕಿ ಹಿಡಿಯುವ ಬದಲು ಎಲ್ಲರ ಮಾಫಿಯನ್ನೂ ಒಟ್ಟಿಗೆ ಅನುಮಾನಿಸಿದಾಗ, ಸರ್ಕಾರ ಬರೆದುಕೊಟ್ಟ ಕಾಗದಕ್ಕೆ ಬೆಲೆಯಿಲ್ಲ ಎಂದಾಯಿತು. 1830ರಲ್ಲಿ ರೈತರು ಅಲ್ಲಲ್ಲಿ ‘ಕೂಟ’ ಸೇರಿದರು. ಬೂದಿ ಬಸಪ್ಪ ಎಂದು ಹೆಸರಾದ ಸಾದರಮಲ್ಲ ತಾನು ಕೆಳದಿಯ ವಂಶದವನು ಎಂದು ಹೇಳಿಕೊಂಡು ನಗರದ ಒಡೆತನಕ್ಕೆ ನಿಂತ. ಬಾಕಿ ಮಾಫಿ, ಕಂದಾಯ ಇಳಿಕೆ ಎಂದು ಅವನು ಕೊಟ್ಟ ಭರವಸೆಗೆ ಜನ ಹಿಂದೆ ಹೋದರು. ಅವನ ವಂಶಾವಳಿ ನಿಜವೇ ಎಂದು ಯಾರೂ ಹೆಚ್ಚು ವಿಚಾರಿಸಲಿಲ್ಲ. ಊರುಗಳು ಸುಟ್ಟವು, ನೂರಾರು ಜನ ಸತ್ತರು. 1831ರ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಮೈಸೂರಿನ ಆಡಳಿತವನ್ನು ಮಹಾರಾಜರಿಂದ ತೆಗೆದುಕೊಂಡ. ಅದು ಮರಳಿ ಬರಲು 50 ವರ್ಷ ಬೇಕಾಯಿತು.

1799ರಲ್ಲೂ 1830ರಲ್ಲೂ ಬಾಕಿಯ ಮಾತೇ ಮುಖ್ಯವಾಗಿತ್ತು ಎಂಬುದನ್ನು ಗಮನಿಸಬೇಕು. ಒಬ್ಬ ಬಂದು ಹಳೆಯ ಬಾಕಿ ಇಲ್ಲ ಎಂದ, ರಾಜ್ಯ ನಿಂತಿತು. ಇನ್ನೊಬ್ಬ ಬಂದು ಇಲ್ಲ ಎಂದದ್ದು ಇದೆ ಎಂದ, ರಾಜ್ಯ ಹೋಯಿತು.

ಬರೆದಿಟ್ಟುಕೊಂಡ ಎರಡು ಹಸ್ತಾಂತರ

ಈ ಪಾಠವನ್ನು ಮುಂದಿನವರು ಕಲಿತಂತೆ ಕಾಣುತ್ತದೆ. 1881ರ ಮಾರ್ಚ್ 25ರಂದು ಬ್ರಿಟಿಷರು ಆಡಳಿತವನ್ನು ಚಾಮರಾಜೇಂದ್ರ ಒಡೆಯರಿಗೆ ಮರಳಿಸಿದಾಗ ಎಲ್ಲವನ್ನೂ ಕರಾರಿನಲ್ಲಿ ಬರೆದಿದ್ದರು. ಆಗ ಜಾರಿಯಲ್ಲಿದ್ದ ಕಾನೂನುಗಳು ಮುಂದುವರಿಯಬೇಕು, ಆಡಳಿತದಲ್ಲಿ ದೊಡ್ಡ ಬದಲಾವಣೆಗೆ ಗವರ್ನರ್ ಜನರಲ್ ಒಪ್ಪಿಗೆ ಬೇಕು ಎಂಬುದು ಅದರ ಸಾರ. ಅದರಲ್ಲಿ ಬ್ರಿಟಿಷರ ಹಿಡಿತದ ಆಸೆ ಎದ್ದು ಕಾಣುತ್ತದೆ. ಆದರೂ ರೈತನ ಮಟ್ಟಿಗೆ ಮಾರ್ಚ್ 24ರ ಕಾನೂನೇ 26ರ ಕಾನೂನೂ ಆಗಿತ್ತು. ದಿವಾನ್ ರಂಗಾಚಾರ್ಲು ಹಿಂದಿನ ಆಡಳಿತದಲ್ಲೇ ಪಳಗಿದವರು. ಅದೇ ಅಕ್ಟೋಬರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಕರೆದು ರಾಜ್ಯದ ಸ್ಥಿತಿಗತಿಯನ್ನು ಜನರ ಮುಂದಿಟ್ಟರು.

ಇನ್ನೊಂದು ಹಸ್ತಾಂತರದ ಹೊತ್ತಿನಲ್ಲಿ ಅಧಿಕಾರದಲ್ಲಿದ್ದವರು ನಮ್ಮ ತೀರ್ಥಹಳ್ಳಿ ತಾಲ್ಲೂಕಿನವರೇ. ಕೆಂಗಲ್ ಹನುಮಂತಯ್ಯ ರಾಜೀನಾಮೆ ಕೊಟ್ಟ ಮೇಲೆ ಕಡಿದಾಳು ಮಂಜಪ್ಪ 1956ರ ಆಗಸ್ಟ್ 19ರಂದು ಮುಖ್ಯಮಂತ್ರಿಯಾದರು. ಅಕ್ಟೋಬರ್ 31ರವರೆಗೆ, ಒಟ್ಟು 74 ದಿನ. ಕೆಲವೇ ವಾರಗಳಲ್ಲಿ ತಾವು ನಡೆಸುತ್ತಿರುವ ರಾಜ್ಯವೇ ಹೊಸ ರಾಜ್ಯದಲ್ಲಿ ಸೇರಿಹೋಗಲಿದೆ ಎಂದು ಗೊತ್ತಿದ್ದು ಹೊತ್ತ ಹೊಣೆ ಅದು. ನವೆಂಬರ್ 1ರಂದು ಎಸ್. ನಿಜಲಿಂಗಪ್ಪ ವಿಸ್ತೃತ ಮೈಸೂರು ರಾಜ್ಯದ ಮುಖ್ಯಮಂತ್ರಿಯಾದರು. 74 ದಿನದ ಮುಖ್ಯಮಂತ್ರಿ ಎಂದು ಮಂಜಪ್ಪನವರನ್ನು ನಾವು ರಸಪ್ರಶ್ನೆಗೆ ಮಾತ್ರ ನೆನೆಯುತ್ತೇವೆ.

ಆ ದಿನ ಒಂದಾದದ್ದು ಐದು ಆಡಳಿತಗಳು: ಹಳೆಯ ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು. ಒಂದು ಕಡೆ ಶಾನುಭೋಗ, ಇನ್ನೊಂದು ಕಡೆ ಕುಲಕರ್ಣಿ, ತಲಾಟಿ. ಒಂದು ಕಡೆ ಕನ್ನಡದ ಲೆಕ್ಕ, ಇನ್ನೊಂದು ಕಡೆ ಉರ್ದು ಕಡತ. ರಾತ್ರಿ ಬೆಳಗಾಗುವುದರಲ್ಲಿ ಎಲ್ಲವನ್ನೂ ಒಂದು ಮಾಡಹೊರಟಿದ್ದರೆ ಗತಿ ಏನಾಗುತ್ತಿತ್ತು? ರಾಜ್ಯ ಪುನರ್ವಿಂಗಡಣಾ ಕಾಯ್ದೆ ಇದನ್ನು ಮುಂಚೆಯೇ ಯೋಚಿಸಿತ್ತು. ಗಡಿ ಬದಲಾದರೂ ಆಯಾ ಪ್ರದೇಶದ ಕಾನೂನು, ಬೇರೆ ಕಾನೂನು ಬರುವ ತನಕ ಹಾಗೆಯೇ ಇರುತ್ತದೆ ಎಂದು ಬರೆದಿಟ್ಟಿತ್ತು. ಇಡೀ ರಾಜ್ಯಕ್ಕೆ ಒಂದೇ ಭೂಕಂದಾಯ ಕಾಯ್ದೆ ಜಾರಿಗೆ ಬಂದದ್ದು 1964ರಲ್ಲಿ. ಏಳೂವರೆ ವರ್ಷ ತಾಳ್ಮೆಯಿಂದ ಮಾಡಿದ ಕೆಲಸ ಅದು.

ನಮ್ಮ ಕಾಲದ ನಡುನೀರು

ಈಗ ನಮ್ಮ ಕಾಲಕ್ಕೆ ಬರೋಣ. ಅಮೆರಿಕದಲ್ಲಿ ನವೆಂಬರಿನಲ್ಲಿ ಚುನಾವಣೆ ನಡೆದರೆ ಹೊಸ ಅಧ್ಯಕ್ಷ ಅಧಿಕಾರ ವಹಿಸಿಕೊಳ್ಳುವುದು ಜನವರಿ 20ಕ್ಕೆ. ಆ ನಡುವೆ ಹೊಸಬರಿಗೆ ಕಚೇರಿ, ಹಣ, ಮಾಹಿತಿ ಕೊಡಬೇಕೆಂದು 1963ರಲ್ಲೇ ಕಾಯ್ದೆ ಮಾಡಿದ್ದಾರೆ. ನಮ್ಮಲ್ಲಿ ಅಂಥ ಕಾಯ್ದೆ ಇಲ್ಲ. ರಾಜೀನಾಮೆ ಕೊಟ್ಟ ಮುಖ್ಯಮಂತ್ರಿಗೆ ಬೇರೆ ಏರ್ಪಾಡಾಗುವ ತನಕ ಮುಂದುವರಿಯಿರಿ ಎಂದು ರಾಜ್ಯಪಾಲರು ಹೇಳುತ್ತಾರೆ. ಹಂಗಾಮಿ ಸರ್ಕಾರ ದೊಡ್ಡ ತೀರ್ಮಾನ ಕೈಗೊಳ್ಳಬಾರದು ಎಂಬುದು ಸಂಪ್ರದಾಯ. ಉಳಿದದ್ದೆಲ್ಲ ಮುಖ್ಯ ಕಾರ್ಯದರ್ಶಿಯಿಂದ ಗ್ರಾಮ ಆಡಳಿತಾಧಿಕಾರಿಯವರೆಗಿನ ಅಧಿಕಾರಿ ವರ್ಗದ ಮೇಲೆ ನಿಂತಿದೆ. ನಮ್ಮ ಅಂಬಿಗರು ಅವರೇ.

ಆದರೆ ಹೊಸ ಸರ್ಕಾರ ಮೊದಲು ಕೈಹಾಕುವುದು ಅವರ ಮೇಲೆಯೇ. 2019ರ ಜುಲೈನಲ್ಲಿ ಯಡಿಯೂರಪ್ಪ ಮುಖ್ಯಮಂತ್ರಿಯಾದೊಡನೆ, ಹಿಂದಿನ ಕುಮಾರಸ್ವಾಮಿ ಸರ್ಕಾರ ಕೊನೆಯ ದಿನಗಳಲ್ಲಿ ಮಾಡಿದ ವರ್ಗಾವಣೆ, ಹೊಸ ಯೋಜನೆಗಳಿಗೆ ತಡೆ ಬಿತ್ತು. 2023ರ ಮೇನಲ್ಲಿ ಸಿದ್ದರಾಮಯ್ಯ ಮುಖ್ಯಮಂತ್ರಿಯಾದೊಡನೆ, ಹಿಂದಿನ ಬೊಮ್ಮಾಯಿ ಸರ್ಕಾರ ಮಂಜೂರು ಮಾಡಿ ಆರಂಭವಾಗದಿದ್ದ ಕಾಮಗಾರಿಗಳಿಗೆ ತಡೆ ಬಿತ್ತು. ಪಕ್ಷ ಬೇರೆ, ಪದ್ಧತಿ ಒಂದೇ. ಕೊನೆಗಳಿಗೆಯಲ್ಲಿ ಹಂಚಿದ ಗುತ್ತಿಗೆಗಳನ್ನು ಪರಿಶೀಲಿಸುವುದು ತಪ್ಪಲ್ಲ, ಪರಿಶೀಲಿಸಬೇಕಾದದ್ದೇ. ಆದರೆ ನಗರದ ಫೌಜುದಾರನಂತೆ ಎಲ್ಲವನ್ನೂ ಒಟ್ಟಿಗೆ ನಿಲ್ಲಿಸಿದರೆ, ಮೋಸದ ಗುತ್ತಿಗೆಯ ಜೊತೆ ಊರಿನ ಕಾಲುಸಂಕವೂ ನಿಲ್ಲುತ್ತದೆ. ಮಳೆಗಾಲ ಸರ್ಕಾರದ ಪರಿಶೀಲನೆ ಮುಗಿಯಲಿ ಎಂದು ಕಾಯುವುದಿಲ್ಲ.

ವರ್ಗಾವಣೆಯ ಬಗ್ಗೆ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಅಧಿಕಾರಿಗಳಿಗೆ ಒಂದು ಸ್ಥಳದಲ್ಲಿ ನಿಗದಿತ ಅವಧಿ ಇರಬೇಕು, ಮೌಖಿಕ ಆದೇಶದ ಮೇಲೆ ಅವರು ಕೆಲಸ ಮಾಡಬಾರದು, ಏನಿದ್ದರೂ ಬರಹದಲ್ಲಿರಬೇಕು ಎಂದು. ಅಯಾಜನ ಕಥೆ ಕೇಳಿದ ನಮಗೆ ಈ ಮಾತಿನ ಬೆಲೆ ಗೊತ್ತಾಗಬೇಕು. ನಾಳೆ ಎಲ್ಲಿರುತ್ತೇನೋ ಎಂದು ಹೆದರಿದ ಅಧಿಕಾರಿ ಇಂದಿನ ಕಡತಕ್ಕೆ ಸಹಿ ಹಾಕುವುದಿಲ್ಲ.

ಸಹಿ ಬೀಳದ ಕಡತದ ಬೆಲೆ ಎಷ್ಟು ಎಂಬುದನ್ನು ಈ ಹಿನ್ನೀರಿನ ದಡದಲ್ಲಿ ಕುಳಿತ ನಿಮಗೆ ನಾನು ಹೇಳಬೇಕೆ? ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಊರು, ಗದ್ದೆ, ತೋಟ ಮುಳುಗಿದವರಿಗೆ ಬೇರೆ ಕಡೆ ಭೂಮಿ ತೋರಿಸಿದರು. ಅದರಲ್ಲಿ ಬಹುಪಾಲು ಅರಣ್ಯ. ಆ ಭೂಮಿಯನ್ನು ಅರಣ್ಯದ ಲೆಕ್ಕದಿಂದ ಬಿಡಿಸಿ ಕಂದಾಯದ ಲೆಕ್ಕಕ್ಕೆ ಸೇರಿಸುವ ಕೆಲಸ ಪೂರ್ತಿಯಾಗಲಿಲ್ಲ. 1980ರಲ್ಲಿ ಕೇಂದ್ರದ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದಕ್ಕೆ ಕೇಂದ್ರದ ಒಪ್ಪಿಗೆ ಬೇಕಾಯಿತು. ಒಪ್ಪಿಗೆ ಪಡೆಯದೆ ರಾಜ್ಯ ಹೊರಡಿಸಿದ ಡಿನೋಟಿಫಿಕೇಷನ್ ಆದೇಶಗಳನ್ನು 2021ರಲ್ಲಿ ಹೈಕೋರ್ಟ್ ರದ್ದುಮಾಡಿತು.

ಈ ನಡುವೆ ಎಷ್ಟು ಸರ್ಕಾರ ಬಂದವು, ಹೋದವು! ಇದೇ ಜಿಲ್ಲೆಯವರು ಮುಖ್ಯಮಂತ್ರಿಗಳಾದರು. ಬಂದವರೆಲ್ಲ ಭರವಸೆ ಕೊಟ್ಟರು. ಯಾರೂ ಸುಳ್ಳು ಹೇಳಬೇಕೆಂದೇ ಹೇಳಿದರು ಎಂದು ನಾನು ಹೇಳಲಾರೆ. ಭರವಸೆಗೂ ಪಹಣಿಗೂ ನಡುವೆ ಒಂದು ದೂರವಿದೆ. ಆ ದೂರವನ್ನು ನಡೆಯಬೇಕಾದದ್ದು ಕಡತ. ಪ್ರತಿ ಸಲ ಸರ್ಕಾರ ಬದಲಾದಾಗಲೂ ಆ ಕಡತ ಮತ್ತೆ ಮೊದಲ ಮೆಟ್ಟಿಲಿಗೆ ಬಂದು ನಿಂತಿತು. ಬೆಳಕು ಕೊಟ್ಟ ಜನ ಅರವತ್ತು ವರ್ಷದ ಮೇಲೂ ತಾವು ಉಳುವ ನೆಲದ ಕಾಗದಕ್ಕೆ ಅಲೆಯುವಂತಾಯಿತು.

ಪೂರ್ತಿ ನಿರಾಶೆಯ ಮಾತೇ ಬೇಡ. ಈ ಹೊಳೆಬಾಗಿಲಿನಿಂದ ತುಮರಿ, ಸಿಗಂದೂರಿನ ಕಡೆಗೆ ದಶಕಗಳ ಕಾಲ ಜನ ಲಾಂಚ್‌ನಲ್ಲಿ ದಾಟಿದರು. ಅಂಬಾರಗೋಡ್ಲು ಕಳಸವಳ್ಳಿ ನಡುವಿನ ಸೇತುವೆಗೆ ಶಂಕುಸ್ಥಾಪನೆಯಾದದ್ದು 2018ರಲ್ಲಿ, ಸಿದ್ದರಾಮಯ್ಯನವರು ಮುಖ್ಯಮಂತ್ರಿಯಾಗಿದ್ದಾಗ. ಅದು ಸಂಚಾರಕ್ಕೆ ತೆರೆದದ್ದು 2025ರ ಜುಲೈ 14ರಂದು. ಆ ನಡುವೆ ಕುಮಾರಸ್ವಾಮಿ, ಯಡಿಯೂರಪ್ಪ, ಬೊಮ್ಮಾಯಿ ಮುಖ್ಯಮಂತ್ರಿಗಳಾಗಿ ಹೋಗಿ ಮತ್ತೆ ಸಿದ್ದರಾಮಯ್ಯ ಬಂದಿದ್ದರು. 2.44 ಕಿಲೋಮೀಟರ್ ಉದ್ದದ ಸೇತುವೆ ಅಷ್ಟು ಬದಲಾವಣೆಗಳನ್ನೂ ದಾಟಿತು. ಹಣ ಕೇಂದ್ರದ್ದಾಗಿತ್ತು ಎಂಬುದು ಒಂದು ಕಾರಣ. ನಕ್ಷೆ, ಅಂದಾಜು, ಗುತ್ತಿಗೆ ಎಲ್ಲ ಬರಹದಲ್ಲಿದ್ದವು ಎಂಬುದು ಇನ್ನೊಂದು. ಕಂಬ ನೀರಿನೊಳಗೆ ಇಳಿದ ಮೇಲೆ ಅದನ್ನು ಹಿಂದಕ್ಕೆ ಕರೆಯಲು ಯಾರಿಗೂ ಮನಸ್ಸು ಬರುವುದಿಲ್ಲ.

ಹಾಗಾದರೆ ಮುಂದಿನ ಸಲ ಸರ್ಕಾರ ಬದಲಾದಾಗ ನಾವು ಏನು ಕೇಳಬೇಕು? ಹೊಸಬರು ಏನೇನು ಬದಲಿಸುತ್ತಾರೆ ಎಂದು ಕೇಳುವುದು ಇದ್ದೇ ಇದೆ, ಪ್ರಣಾಳಿಕೆ ಇರುವುದೇ ಅದಕ್ಕೆ. ಅದರ ಜೊತೆಗೆ ಏನನ್ನು ಬದಲಿಸುವುದಿಲ್ಲ ಎಂದು ಮೊದಲ ವಾರದಲ್ಲೇ ಬರೆದುಕೊಡಿ ಎಂದು ಕೇಳೋಣ. ಹಿಂದಿನವರು ಕೊಟ್ಟ ಮಂಜೂರಾತಿಗಳಲ್ಲಿ ಯಾವುದು ನಡೆಯುತ್ತದೆ, ಯಾವುದು ತನಿಖೆಗೆ, ತನಿಖೆ ಯಾವ ದಿನಕ್ಕೆ ಮುಗಿಯುತ್ತದೆ ಎಂಬ ಪಟ್ಟಿ ಪಂಚಾಯ್ತಿ ಕಚೇರಿಯ ಗೋಡೆಗೆ ಬರಲಿ. ಅಧಿಕಾರಿ ವರ್ಗವಾಗಿ ಹೋಗುವಾಗ ತನ್ನ ಮೇಜಿನ ಮೇಲೆ ಉಳಿದ ಅರ್ಜಿಗಳ ಪಟ್ಟಿಯನ್ನು ಮುಂದಿನವರಿಗೆ ಸಹಿ ಹಾಕಿ ಒಪ್ಪಿಸಲಿ. ವರದಿಗಾರರಾದ ನಾವು ಪ್ರಮಾಣವಚನದ ಫೋಟೋದ ಪಕ್ಕದಲ್ಲಿ ಆ ಪಟ್ಟಿಗೂ ಸ್ವಲ್ಪ ಜಾಗ ಕೊಡೋಣ.

ಶಿವಪ್ಪನಾಯಕ 12 ವರ್ಷ ಲೆಕ್ಕ ಬರೆಸಿದ್ದು ತನ್ನ ಕಾಲಕ್ಕಷ್ಟೇ ಆಗಿದ್ದರೆ ಅಷ್ಟು ಕಷ್ಟಪಡಬೇಕಿರಲಿಲ್ಲ. ತಾನು ಹೋದ ಮೇಲೆ ಬರುವವರು ಹೇಗಿರುತ್ತಾರೋ ಯಾರಿಗೆ ಗೊತ್ತು ಎಂಬ ಎಚ್ಚರ ಅದರಲ್ಲಿತ್ತು.

ಇಲ್ಲಿಯ ಹಿರಿಯರಿಗೆ ನನಗಿಂತ ಹೆಚ್ಚು ಗೊತ್ತಿದೆ. ಮುಳುಗಡೆಯ ಕಾಗದಪತ್ರ ಯಾರ ಮನೆಯಲ್ಲಿದ್ದರೂ ಜೋಪಾನವಾಗಿಡಿ ಎಂದು ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.